ಮಿರಜದಿಂದ ಬಂದ ಚೀಲ

ಶಶಿಕಾಂತ ಮೆಣಸಗಿ ಬರೆದದ್ದು ಮೂರು ಕಾದಂಬರಿ. ಮೂರನ್ನೂ ಸೇರಿಸಿದರೆ ಓದಿದವರು ಸಾವಿರ ಮಂದಿ ದಾಟಲಿಕ್ಕಿಲ್ಲ ಎಂದು ತಾನೇ ಹೇಳಿ ನಗುತ್ತಿದ್ದ. ರೋಣದ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ ಐದು ವರ್ಷವಾಗಿತ್ತು. ಗಜೇಂದ್ರಗಡದಲ್ಲಿ ಮನೆತನದ ಸೀರೆ ಅಂಗಡಿಯ ಮೇಲಿನ ಉದ್ದನೆಯ ಕೋಣೆ ಅವನ ಪಾಲಿಗೆ ಬಂದಿತ್ತು. ಅದರ ಒಂದು ಗೋಡೆಯ ತುಂಬ ರೆಕಾರ್ಡುಗಳು, ಎದುರು ಗೋಡೆಯ ತುಂಬ ಹಳೆಯ ಪುಸ್ತಕಗಳು. ನಡುವೆ ಒಂದು ಮೇಜು, ಎರಡು ಕುರ್ಚಿ.

ರೆಕಾರ್ಡಿನ ಹುಚ್ಚು ಹತ್ತಿದ್ದು ಧಾರವಾಡದ ಹಾಸ್ಟೆಲಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಗೋವಾದಿಂದ ಬಂದಿದ್ದ ಸಹಪಾಠಿಯೊಬ್ಬ ಇಂಗ್ಲಿಷ್ ರಾಕ್ ಹಾಡೊಂದನ್ನು ಕೇಳಿಸಿದ್ದ. ಆ ಗಿಟಾರಿನ ಸದ್ದು ಎದೆಗೆ ಬಡಿದು ಹೊಟ್ಟೆಗಿಳಿದಿತ್ತು. ಆಮೇಲೆ ಅರವತ್ತು, ಎಪ್ಪತ್ತರ ದಶಕದ ಯಾವ ತಂಡದಲ್ಲಿ ಯಾರು ಡ್ರಮ್ ಬಾರಿಸಿದರು, ಯಾರು ಯಾರೊಡನೆ ಜಗಳಾಡಿ ಬಿಟ್ಟು ಹೋದರು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ತರಗತಿಯಲ್ಲಿ ಹುಡುಗರು ತೂಕಡಿಸಿದರೆ ಪಾಠ ನಿಲ್ಲಿಸಿ ಅದನ್ನೇ ಹೇಳುತ್ತಿದ್ದ. 'ನಮ್ಮಂಗ ಹತ್ತಿ ಹೊಲದಾಗ ದುಡಿದ ಅಮೆರಿಕದ ಕಪ್ಪು ಮಂದಿ ಹಾಡ ಅವು. ಇಂಗ್ಲೆಂಡಿನ ಹುಡುಗೂರು ಎತ್ತಿಕೊಂಡು ದೊಡ್ಡವರಾದ್ರು. ಹಾಡಿದವರ ಹೆಸರ ಉಳೀಲಿಲ್ಲ. ಆದ್ರ ಕೇಳ್ರಿ, ಎಂಥಾ ಸದ್ದು!' ಎನ್ನುತ್ತಿದ್ದ.

ಎರಡನೆಯ ಹುಚ್ಚು ಸಾಹಿತ್ಯ ಚರಿತ್ರೆಯದು. ಹನ್ನೆರಡು ವರ್ಷ ಸ್ಕೂಟರಿನ ಮೇಲೆ ರಾಜೂರ, ಚಿಕ್ಕನರಗುಂದ, ಯಾವಗಲ್ ಎಂದು ಊರೂರು ಅಲೆದ. ಯಾರದೋ ಅಟ್ಟದ ಪೆಟ್ಟಿಗೆ, ಯಾರದೋ ದೇವರ ಮನೆಯ ಮಾಡ ಹುಡುಕಿ, ಮರೆತುಹೋದ ಲೇಖಕರನ್ನೆಲ್ಲ ಒಂದೊಂದು ಕಾರ್ಡಿನ ಮೇಲೆ ಬರೆದಿಟ್ಟ. ಕೊನೆಗೆ ಅದು ರೋಣ, ನರಗುಂದ ಸೀಮೆಯ ಸಾಹಿತ್ಯ ಚರಿತ್ರೆಯೆಂದು ಪುಸ್ತಕವಾಯಿತು. ಆ ಪುಸ್ತಕದ ಜೀವ ಯಾವಗಲ್ಲಿನ ಸಂಗಪ್ಪ ಮಾಸ್ತರರ ಮೇಲಿನ ಅಧ್ಯಾಯ. ಮಾಸ್ತರರು ೧೯೨೮ರಲ್ಲಿ ಗದಗಿನಲ್ಲಿ ಅಚ್ಚು ಹಾಕಿಸಿದ್ದ 'ಹಗೇವಿನ ದೀಪ' ಎಂಬ ಕಾದಂಬರಿಯ ಒಂದೇ ಒಂದು ಪ್ರತಿ ಗೆದ್ದಲು ತಿಂದ ಸ್ಥಿತಿಯಲ್ಲಿ ಅವರ ಮೊಮ್ಮಗಳು ಬಾಳವ್ವನ ಮನೆಯಲ್ಲಿ ಸಿಕ್ಕಿತ್ತು. ಮೈದುನರ ಕೈಗೆ ಸಿಗಬಾರದೆಂದು ಎಳೆಯ ವಿಧವೆಯೊಬ್ಬಳು ಕಾಳು ತುಂಬುವ ನೆಲದೊಳಗಿನ ಹಗೇವಿನಲ್ಲಿ ಒಂದು ಹಗಲು ಅಡಗಿ ಕೂರುವ ಕಥೆ. ಕೆಳಗೆ ಗಾಳಿ ಸಾಲದೆ ಅವಳ ಕೈಯ ದೀಪ ಸಣ್ಣಗಾಗುತ್ತ ಹೋಗುವ ಎಂಟು ಪುಟಗಳನ್ನು ಶಶಿಕಾಂತ ಬಾಯಿಪಾಠ ಮಾಡಿದ್ದ. ಇದಕ್ಕೆ ಸಮನಾದದ್ದು ಆ ಕಾಲದಲ್ಲಿ ಇನ್ನೊಂದಿಲ್ಲವೆಂದು ಬರೆದ. ತನ್ನ ಕಾದಂಬರಿಗಳ ಬೇರು ಇಲ್ಲಿದೆ ಎಂದೂ ಬರೆದುಕೊಂಡ.

ಪುಸ್ತಕ ಬಂದ ಮೇಲೆ ಯಾವಗಲ್ಲಿನಲ್ಲಿ ಉತ್ಸಾಹ ಎದ್ದಿತು. ಊರಿನ ಗ್ರಂಥಾಲಯಕ್ಕೆ ಸಂಗಪ್ಪ ಮಾಸ್ತರರ ಹೆಸರಿಡುವುದೆಂದು ಬಾಳವ್ವನ ಮಗ ಪ್ರಭುಲಿಂಗಪ್ಪ ಓಡಾಡಿ ಎಲ್ಲರನ್ನೂ ಒಪ್ಪಿಸಿದ. ಕಾರ್ಯಕ್ರಮದ ದಿನ ಗೊತ್ತಾಯಿತು. ಮುಖ್ಯ ಭಾಷಣ ಶಶಿಕಾಂತನದೇ.

ಅದಕ್ಕೆ ಹನ್ನೊಂದು ದಿನ ಮೊದಲು ಅಲ್ತಾಫ ಬಂದ. ರೋಣದಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅಲ್ತಾಫ ನಲವತ್ತು ವರ್ಷದ ಗೆಳೆಯ. ಶಶಿಕಾಂತನ ರೆಕಾರ್ಡ್ ಪ್ಲೇಯರು ಇನ್ನೂ ತಿರುಗುತ್ತಿದ್ದುದು ಅವನ ಕೈಗುಣದಿಂದಲೇ. ಪ್ರತಿ ರವಿವಾರ ಬಂದು ಕೂತು ಕೇಳುತ್ತಿದ್ದ. ಇಂಗ್ಲಿಷ್ ಒಂದಕ್ಷರ ಬರದಿದ್ದರೂ ಡ್ರಮ್ಮಿನ ಪೆಟ್ಟು ತಪ್ಪಿದರೆ ಅವನಿಗೇ ಮೊದಲು ಗೊತ್ತಾಗುತ್ತಿತ್ತು. ಮಿರಜದಲ್ಲಿದ್ದ ಬೀಗರ ಮನೆಗೆ ಹೋದವನು ಗುಜರಿಯಲ್ಲಿ ಸಿಕ್ಕಿತೆಂದು ಗೋಣಿಚೀಲವೊಂದನ್ನು ಹೊತ್ತು ತಂದಿದ್ದ.

"ಯಾರೋ ಹಳೇ ವಕೀಲರ ಮನಿ ಸಾಮಾನಂತ ಅಣ್ಣಾ. ಏಳು ಪ್ಲೇಟ ಅದಾವ. ಉಳಿದದ್ದ ರದ್ದಿ. ಚೀಲದ ಸಮೇತ ಕೊಟ್ಟಬಿಟ್ಟ," ಎಂದ.

ಏಳರಲ್ಲಿ ಒಂದು, ಶಶಿಕಾಂತ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದ ರೆಕಾರ್ಡು. ಗೆಳೆಯನ ಹೆಗಲು ಹಿಡಿದು ಅಲುಗಾಡಿಸಿದ. ಅಂದು ಇಬ್ಬರೂ ಅದನ್ನು ಮೂರು ಸಲ ಕೇಳಿದರು. ಹೆಂಡತಿ ನೇತ್ರಾ ಚಹಾ ತಂದಿಟ್ಟು, "ಮಳಿಗಾಲದ ಗುಡುಗ ಇದಕ್ಕಿಂತ ಚಲೋ ಇರತೈತಿ ನೋಡ್ರಿ," ಎಂದು ನಕ್ಕು ಇಳಿದು ಹೋದಳು.

ಅಲ್ತಾಫ ಹೋದ ಮೇಲೆ ಶಶಿಕಾಂತ ರದ್ದಿಯನ್ನು ನೆಲಕ್ಕೆ ಸುರುವಿದ. ಅದರಲ್ಲಿ ರಟ್ಟು ಕಿತ್ತ ಒಂದು ಮರಾಠಿ ಪುಸ್ತಕವಿತ್ತು. 'ಪೇವಾತಲಾ ದಿವಾ'. ಪುಣೆಯಲ್ಲಿ ೧೯೧೧ರಲ್ಲಿ ಅಚ್ಚಾದದ್ದು. ಜತ್ತದ ಕಡೆಯ ತಾಯಿಯಿಂದ ಅವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಪೇವ ಎಂದರೆ ಹಗೇವು. ನಿಂತಲ್ಲೇ ಮೊದಲ ವಾಕ್ಯ ಓದಿದ. ಎರಡನೆಯದು ಓದುವ ಮುಂಚೆಯೇ ಅದು ಏನೆಂದು ಅವನಿಗೆ ತಿಳಿದಿತ್ತು.

ಸಂಜೆಯವರೆಗೆ ಅದನ್ನೂ ಬಾಳವ್ವನಿಂದ ತಂದಿಟ್ಟುಕೊಂಡಿದ್ದ 'ಹಗೇವಿನ ದೀಪ'ವನ್ನೂ ಎದುರಿಗಿಟ್ಟುಕೊಂಡು ಸಾಲಿಗೆ ಸಾಲು ಹೋಲಿಸಿದ. ಊರಿನ ಹೆಸರು ಬದಲಾಗಿತ್ತು, ಸಜ್ಜೆ ಹೋಗಿ ಜೋಳ ಬಂದಿತ್ತು. ಉಳಿದದ್ದೆಲ್ಲ ಅದೇ. ದೀಪದ ಎಂಟು ಪುಟಗಳಲ್ಲಿ ಒಂದು ಉಸಿರೂ ಬೇರೆಯಿರಲಿಲ್ಲ. ಬರೆದವರ ಹೆಸರಿನ ಜಾಗದಲ್ಲಿ 'ಒಬ್ಬ ಭಗಿನಿ' ಎಂದಷ್ಟೇ ಇತ್ತು. ಯಾರೋ ಹೆಣ್ಣುಮಗಳು ತನ್ನ ಹೆಸರು ಹೇಳಲು ಅಂಜಿ ಬರೆದದ್ದು. ನರಗುಂದದಲ್ಲಿ ಮರಾಠಿ ಕಲಿತಿದ್ದ ಮಾಸ್ತರರ ಕೈಗೆ ಅದು ಹೇಗೋ ಬಂದಿತ್ತು, ಅವರು ಅದನ್ನು ಕನ್ನಡಕ್ಕೆ ತಂದು ತಮ್ಮ ಹೆಸರು ಹಾಕಿಕೊಂಡಿದ್ದರು.

ಎರಡು ದಿನ ಶಶಿಕಾಂತ ಎರಡೂ ಪುಸ್ತಕಗಳನ್ನು ಮತ್ತೆ ಮತ್ತೆ ತಿರುವಿ ನೋಡಿದ. ಮೂರನೆಯ ದಿನ ರೋಣಕ್ಕೆ ಹೋಗಿ ಅಲ್ತಾಫನ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದ. ಅಲ್ತಾಫ ಕೈಯಲ್ಲಿದ್ದ ಬೆಸುಗೆಯ ಸಲಾಕೆಯನ್ನು ಪಕ್ಕಕ್ಕಿಟ್ಟ.

"ಅಣ್ಣಾ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ನಾವು ಕೇಳೂ ಹಾಡೂ ಹಂಗ ಬಂದಾವಂತ ನೀನ ಹೇಳ್ತಿದ್ದಿ. ಯಾರದೋ ಹಾಡ ಇವರು ಎತ್ತಿಕೊಂಡ್ರು ಅಂತ. ಅವಾಗ ನಗತಿದ್ದಿ. ಈಗ್ಯಾಕ ಅಳ್ತಿ?"

"ಅವರು ಯಾರಂತ ನನಗ ಗೊತ್ತಿರಲಿಲ್ಲಪಾ. ಗೊತ್ತಿಲ್ಲದವರ ಸಾಮಾನ ಹೋದ್ರ ನಗೂದು ಹಗೂರ."

ಹೇಳಿದ ಮೇಲೆ ತನ್ನ ಮಾತು ತನಗೇ ತಾಗಿತು. ಈ ಭಗಿನಿಯೂ ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಅಲ್ಲಿಂದಲೇ ಯಾವಗಲ್ಲಿನ ಬಸ್ಸು ಹತ್ತಿದ. ಹಿಂಗಾರಿ ಜೋಳ ಹಾಲುಗಾಳಾಗಿದ್ದ ಹೊತ್ತು. ಬಾಳವ್ವ ಎಪ್ಪತ್ತೆಂಟರ ಮುದುಕಿ, ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಸರ್ ಬಂದರೆಂದು ಸೊಸೆಗೆ ಕೂಗಿ ಮಜ್ಜಿಗೆ ತರಿಸಿದಳು. ಶಶಿಕಾಂತ ಮಜ್ಜಿಗೆ ಕುಡಿಯದೆ ಹೇಳಬೇಕಾದದ್ದನ್ನು ಹೇಳಿದ. ಅವಳಿಗೆ ಓದು ಬರುತ್ತಿರಲಿಲ್ಲ. ಮೊರದೊಳಗೆ ಬೆರಳಾಡಿಸುತ್ತ ಕೇಳಿದಳು.

"ಆಕಿ ಹೆಸರೇನ್ರಿ, ಆ ಬರದಾಕಿದು?"

"ಹೆಸರ ಬರದಿಲ್ಲವ್ವ."

"ಆಕಿ ಮಕ್ಕಳು ಮೊಮ್ಮಕ್ಕಳು?"

"ಯಾರೂ ಗೊತ್ತಿಲ್ಲ."

ಬಾಳವ್ವ ಎರಡೂ ಕೈ ಜೋಡಿಸಿದಳು. "ಸರ್ರ, ನಮ್ಮ ಅಜ್ಜಂದು ತಪ್ಪ ಖರೇ. ಆದ್ರ ನಾ ಇರೂತನಕಾ ಹೇಳಬ್ಯಾಡ್ರಿ. ಊರ ತುಂಬ ಹೇಳಿಕೊಂಡ ಬಂದೀನಿ. ನಾ ಹೋದಮ್ಯಾಲೆ ಡಂಗುರಾ ಸಾರ್ರಿ, ನಂದೇನ ಇಲ್ಲ."

ಅವನು ಹೂಂ ಅಂದ. ಹೂಂ ಅಂದದ್ದು ಕರುಣೆಯಿಂದ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಗಜೇಂದ್ರಗಡದ ಗುಡ್ಡ ಕಾಣುವ ಹೊತ್ತಿಗೆ ಅದರಲ್ಲಿ ಅರ್ಧದಷ್ಟು ಸುಳ್ಳೆಂದು ಅನ್ನಿಸಿತು. ತನ್ನ ಹನ್ನೆರಡು ವರ್ಷ, ತನ್ನ ಬೇರಿನ ಮಾತು, ಅವೂ ಆ ಹೂಂ ಒಳಗೆ ಇದ್ದವು.

ಕಾರ್ಯಕ್ರಮದ ದಿನ ಎರಡು ಮಾತಾಡಿ ಕೂತುಬಿಡುವುದೆಂದು ನಿಶ್ಚಯಿಸಿಕೊಂಡು ಹೋದ. ಆದರೆ ಮೈಕಿನ ಮುಂದೆ ನಿಂತಾಗ ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಕೂತ ಬಾಳವ್ವ ಕಂಡಳು. ಮಾತು ತಾನಾಗಿ ಬಂತು. ಹಗೇವು, ಕತ್ತಲೆ, ಸಣ್ಣಗಾಗುವ ದೀಪ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನು ಎಂದೂ ಮಾತಾಡಿರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಳಗಿಳಿದಾಗ ಅವನ ಅಂಗಿಯ ಬೆನ್ನು ಬೆವರಿನಿಂದ ಅಂಟಿತ್ತು.

ಅಲ್ಲೇ ಐಶ್ವರ್ಯಾ ಎಂಬ ಹುಡುಗಿ ಬಂದು ನಮಸ್ಕರಿಸಿದಳು. ಚಿಕ್ಕನರಗುಂದದವಳು, ಧಾರವಾಡದಲ್ಲಿ ಎಂ.ಎ. ಮುಗಿಸಿದವಳು.

"ಸರ್, ನಿಮ್ಮ ಪುಸ್ತಕ ಓದೇ ನಾನು ಪಿಎಚ್‌ಡಿಗೆ ಸಂಗಪ್ಪ ಮಾಸ್ತರರನ್ನ ತಗೊಬೇಕಂತ ಮಾಡೀನಿ. ಮುಂದಿನ ತಿಂಗಳ ರಜಿಸ್ಟ್ರೇಶನ್. ತಗೊಳ್ಳೇನ್ರಿ?"

ಹಿಂದೆ ಬಾಳವ್ವ ನಿಂತಿದ್ದಳು. ಜನ ಸುತ್ತುಗಟ್ಟಿದ್ದರು. "ಚಲೋ ವಿಷಯ. ತಗೋವಾ," ಎಂದ ಶಶಿಕಾಂತ.

ಆಮೇಲೆ ಐಶ್ವರ್ಯಾಳಿಗೆ ಫೋನ್ ಮಾಡಬೇಕೆಂದು ಎಷ್ಟು ಸಲ ನಂಬರು ತೆಗೆದನೋ. ಇಂದು ಬೇಡ, ನಾಳೆ ಎಂದು ಆರು ತಿಂಗಳು ಕಳೆದವು. ಅವಳೇ ಒಂದು ದಿನ ಮೊದಲ ಅಧ್ಯಾಯ ಕಳಿಸಿದಳು. ಅರವತ್ತು ಪುಟ. ಮೂವತ್ತೆರಡನೆಯ ಪುಟದಲ್ಲಿ ಹೀಗಿತ್ತು: ಹೆಣ್ಣಿನ ಭಯವನ್ನು ಒಳಗಿನಿಂದ ಇಷ್ಟು ನಿಖರವಾಗಿ ಬರೆದ ಗಂಡಸು ಆ ಕಾಲದ ಕನ್ನಡದಲ್ಲಿ ಬೇರೊಬ್ಬನಿಲ್ಲ, ಗಂಡಸಾಗಿ ಇದನ್ನು ಸಾಧಿಸಿದ್ದೇ ಸಂಗಪ್ಪನವರ ಹಿರಿಮೆ.

ಶಶಿಕಾಂತ ಹಾಳೆಗಳನ್ನು ಮೇಜಿನ ಮೇಲೆ ಬೋರಲು ಹಾಕಿದ. ಹೆಸರು ಹೇಳಲೂ ಧೈರ್ಯವಿಲ್ಲದೆ ಬರೆದ ಆ ಹೆಣ್ಣುಮಗಳ ಉಸಿರನ್ನು, ತಾನು ಇನ್ನೊಬ್ಬ ಹೆಣ್ಣುಮಗಳ ಕೈಯಿಂದಲೇ ಗಂಡಸಿನ ಹಿರಿಮೆಯೆಂದು ಬರೆಸಿದ್ದ. ಮರುದಿನವೇ ಐಶ್ವರ್ಯಾಳನ್ನು ಮನೆಗೆ ಕರೆಸಿ, ಏನೂ ಹೇಳದೆ ಮರಾಠಿ ಪುಸ್ತಕವನ್ನು ಅವಳ ಮುಂದಿಟ್ಟು ಮೊದಲ ಪುಟವನ್ನು ಕನ್ನಡದಲ್ಲಿ ಓದಿದ. ಅರ್ಧ ಪುಟಕ್ಕೇ ಅವಳು ಕೈಯೆತ್ತಿ ನಿಲ್ಲಿಸಿದಳು.

"ಇದು ನಿಮಗ ಯಾವಾಗ ಸಿಕ್ತರಿ?"

"ಯಾವಗಲ್ ಫಂಕ್ಷನ್ನಿಗಿಂತ ಹನ್ನೊಂದು ದಿನ ಮೊದಲ."

 ಬಾಳವ್ವನಿಗೆ ಕೊಟ್ಟ ಮಾತಿನ ಬಗ್ಗೆ ಅವನು ಏನೇನೋ ತೊದಲಿದ. ಐಶ್ವರ್ಯಾ ಕೇಳಿಸಿಕೊಂಡಂತೆ ಕಾಣಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

"ಸಂಗಪ್ಪ ಮಾಸ್ತರು ತಾವು ಕದ್ರು ಸರ್. ನೀವು ನನ್ನ ಕೈಲೆ ಕದಿಸಿದ್ರಿ."

ಮೆಟ್ಟಿಲಲ್ಲಿ ಎದುರಾದ ನೇತ್ರಾ ಊಟ ಮಾಡಿ ಹೋಗವ್ವಾ ಎಂದರೂ ಅವಳು ನಿಲ್ಲಲಿಲ್ಲ.

ಐಶ್ವರ್ಯಾ ತನ್ನ ಮಾರ್ಗದರ್ಶಕರಿಗೆ ಹೇಳಿದಳು. ಅಲ್ಲಿಂದ ಪತ್ರಿಕೆಗೆ ಬಂತು, ಸಣ್ಣ ಸುದ್ದಿ, ಐದನೆಯ ಪುಟದಲ್ಲಿ. ನಾಡಿನಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಯಾವಗಲ್ಲಿನಲ್ಲಿ ಮಾತ್ರ ಎಲ್ಲರೂ ಓದಿದರು. ಪ್ರಭುಲಿಂಗಪ್ಪ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಗ್ರಂಥಾಲಯದ ಬೋರ್ಡಿಗೆ ಯಾರೋ ಸಗಣಿ ಎರಚಿದ್ದರು, ಆಮೇಲೆ ಅದನ್ನು ಇಳಿಸಿದರು ಎಂದು ಅಲ್ತಾಫ ಸುದ್ದಿ ತಂದ.

ಶಶಿಕಾಂತ ಕಾರ್ಡುಗಳ ಪೆಟ್ಟಿಗೆ ತೆಗೆದು ಕೂತ. ಅಲ್ಲಿದ್ದ ನೂರಾರು ಹೆಸರುಗಳಲ್ಲಿ ಯಾರದು ಸ್ವಂತ, ಯಾರದು ಕದ್ದದ್ದು? ಒಂದನ್ನೂ ಅವನು ಆಣೆ ಇಟ್ಟು ಹೇಳಲಾರದೆ ಹೋದ. ರವಿವಾರ ಅಲ್ತಾಫ ಬಂದು ಪ್ಲೇಯರಿನ ಧೂಳು ಒರೆಸಿ, "ಹಚ್ಚಲೇನ ಅಣ್ಣಾ?" ಎಂದರೆ ಬೇಡವೆನ್ನುತ್ತಿದ್ದ. ಒಮ್ಮೆ ಒಲ್ಲದ ಮನಸ್ಸಿನಿಂದ ಒಪ್ಪಿದ. ಹಾಡಿನ ಹಿಂದೆ ಹಾಡಿದ್ದ ಯಾರೋ ಹೆಸರಿಲ್ಲದವರನ್ನು ಹುಡುಕುತ್ತ ಹುಡುಕುತ್ತ ಹಾಡು ಮುಗಿದೇ ಹೋಯಿತು. ಅದರಲ್ಲಿ ಒಂದು ಪೆಟ್ಟೂ ಅವನ ಎದೆಗೆ ಬಂದು ತಾಗಲಿಲ್ಲ. ಮತ್ತೆ ಹಚ್ಚಲಿಲ್ಲ.

ದೀಪಾವಳಿ ಕಳೆದ ಮೇಲೆ ಯಾವಗಲ್ಲಿಗೆ ಹೋದ. ಹೋಗಬೇಡಿರೆಂದು ನೇತ್ರಾ ಎಷ್ಟು ಹೇಳಿದರೂ ಕೇಳಲಿಲ್ಲ. ಬೈಗುಳ ತಿಂದು ಬರುವುದಕ್ಕೇ ಹೋಗಿದ್ದ, ತಿಂದರೆ ಹಗುರವಾದೀತೆಂದು. ಪ್ರಭುಲಿಂಗಪ್ಪ ಹೊಲಕ್ಕೆ ಹೋಗಿದ್ದ. ಬಾಳವ್ವ ಒಳಗೆ ಹಾಸಿಗೆಯ ಮೇಲೆ ಕೂತಿದ್ದಳು. ಸೊರಗಿದ್ದಳು. ಅವನನ್ನು ಕಂಡು ಕೂಡ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಅವನು ಹೊಸ್ತಿಲ ಬಳಿ ನಿಂತುಕೊಂಡ.

"ಮಾತ ತಪ್ಪಿದೆ ಅವ್ವ. ಆ ಹುಡುಗಿದು ಜೀವನ ಹಾಳಾಗತಿತ್ತು."

"ಆಕಿಗೆ ಹೇಳಿದ್ದ ಚಲೋ ಆತು," ಎಂದಳು ಬಾಳವ್ವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಾ ಬ್ಯಾರೆ ಕೇಳ್ತೀನ್ರಿ ಸರ್ರ. ನೀವು ಬರೂಕಿಂತ ಮೊದಲ ನಮ್ಮ ಅಜ್ಜ ಬರೇ ಅಜ್ಜ ಆಗಿದ್ದ. ಹೆಗಲಮ್ಯಾಲೆ ಕುಂಡ್ರಿಸಿಕೊಂಡು ಜಾತ್ರಿಗೆ ಒಯ್ತಿದ್ದ, ಕಿಸೇದಾಗ ಪುಠಾಣಿ ಇಟಗೊಂಡ ಬರ್ತಿದ್ದ. ಅವ ಪುಸ್ತಕ ಬರದಿದ್ದ ಅನ್ನೂದ ಮನ್ಯಾಗ ಯಾರಿಗೂ ನೆನಪಿರಲಿಲ್ಲ. ನೀವು ಬಂದು ಅವನ್ನ ದೊಡ್ಡ ಮನಶ್ಯಾನ ಮಾಡಿದ್ರಿ. ನೀವ ಅವನ್ನ ಕಳ್ಳನ್ನ ಮಾಡಿದ್ರಿ. ಈಗ ಅವನ್ನ ನೆನಸಿದ್ರ ಬರೇ ಕಳ್ಳ ಬರ್ತಾನ್ರಿ. ಪುಠಾಣಿ ತರತಿದ್ದ ಅಜ್ಜ ಬರವಲ್ಲ. ಅವನ್ನ ನಾ ಎಲ್ಲಿಂದ ತರ್ಲಿ?"

   ಬಾಳವ್ವ ಗೋಡೆಯ ಕಡೆ ಮಗ್ಗಲಾಗಿ ಮಲಗಿದಳು.

ಅವನು ರಸ್ತೆಗೆ ಬಂದ. ರೋಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಅವನ ಪಕ್ಕ ನಿಧಾನ ಮಾಡಿತು. "ಬರ್ರಿ ಸರ್, ರೋಣದ ತನಕಾ ಬಿಡ್ತೀನಿ," ಎಂದು ಓಡಿಸುವವನು ಕೂಗಿದ. ಸುದ್ದಿ ಗೊತ್ತಿಲ್ಲದವನಿರಬೇಕು. ಶಶಿಕಾಂತ ತಲೆಯಲ್ಲಾಡಿಸಿ ಬೇಡವೆಂದ. ಟ್ರ್ಯಾಕ್ಟರು ಮುಂದೆ ಹೋಯಿತು. ಅವನು ಬಸ್ಸಿಗೂ ಕಾಯದೆ, ಬಿಸಿಲಿನಲ್ಲಿ ರೋಣದ ದಿಕ್ಕಿಗೆ ನಡೆಯತೊಡಗಿದ.