ಅರ್ಧ ತುಂಬಿದ ಹಣಿಗೆ

ನಾನು ಒಂದು ಹಣಿಗೆ. ತಲೆ ಬಾಚುವ ಹಣಿಗೆಯಲ್ಲ, ಕೈಮಗ್ಗದ ಹಣಿಗೆ. ಊರೂರು ತಿರುಗುತ್ತಿದ್ದ ಒಬ್ಬ ಕಸುಬುದಾರ ಬೆತ್ತದ ಸಣ್ಣ ಸೀಳುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೂ ಕೆಳಗೂ ದಾರದಿಂದ ಬಿಗಿದು ನನ್ನನ್ನು ಕಟ್ಟಿದ. ನನಗೆ ಎಂಟುನೂರು ಸಂದುಗಳು. ಒಂದೊಂದು ಸಂದಿನಲ್ಲಿ ಎರಡೆರಡು ಎಳೆ. ಎಳೆಗಳು ಒಂದರ ಮೇಲೊಂದು ಬೀಳದಂತೆ ಬೇರೆ ಬೇರೆಯಾಗಿ ಹಿಡಿದಿರುವುದು, ಲಾಳಿ ಹಾಯ್ದ ಮೇಲೆ ಅಡ್ಡ ನೂಲನ್ನು ಬಡಿದು ಕೂಡಿಸುವುದು, ಇಷ್ಟೇ ನನ್ನ ಕೆಲಸ. ದೇವರು ಕೆಲವರಿಗೆ ದೊಡ್ಡ ಕೆಲಸ ಕೊಡುತ್ತಾನೆ. ನನಗೆ ಕೊಟ್ಟದ್ದು ಇದು. ನಾನು ಕೊರಗಲಿಲ್ಲ.

ಗುಳೇದಗುಡ್ಡದ ಮಾಗುಂಡಪ್ಪ ಎಂಬ ನೇಕಾರ ನನ್ನನ್ನು ಮನೆಗೆ ತಂದ. ಮೊದಲು ಬನಶಂಕರಿಯ ಪಟದ ಮುಂದಿಟ್ಟು ಕುಂಕುಮ ಹಚ್ಚಿದ, ಆಮೇಲೆ ಮಗ್ಗಕ್ಕೆ ಏರಿಸಿದ. ಇಪ್ಪತ್ತೆರಡು ವರ್ಷ ಅವನ ಕೈಯಲ್ಲಿ ಕುಪ್ಪಸದ ಖಣ ನೇಯ್ದೆ. ಅವನ ಕಣ್ಣು ಮಂಜಾದಾಗ ಮಗ ಪರಪ್ಪ ಮಗ್ಗದ ಕುಳಿಗೆ ಇಳಿದ. ತಂದೆಯ ಪೆಟ್ಟು ಗಟ್ಟಿ, ಮಗನ ಪೆಟ್ಟು ಮೆತ್ತಗೆ. ಪರಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಮಗಳು ಶಾಕಂಬರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವೂ ಪಾಠ ಓದಿಸುತ್ತಿದ್ದ. ಒಮ್ಮೆ ಅವಳು ಆಟಕ್ಕೆ ಹೋಗುವ ಅವಸರದಲ್ಲಿ ಎರಡು ಪುಟ ಹಾರಿಸಿ ಓದಿದಳು. ಅವನು ಲಾಳಿ ನಿಲ್ಲಿಸಿ, “ಯಾಕವ್ವಾ, ನಡಕ ಎಳಿ ಹರೀತೇನು?” ಎಂದ. ಹುಡುಗಿ ನಾಲಗೆ ಕಚ್ಚಿಕೊಂಡು ಪುಟ ಹಿಂದಕ್ಕೆ ತಿರುವಿದಳು.

ಅವಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ವಾರ ಪರಪ್ಪ ನೇಯುತ್ತಿದ್ದಂತೆಯೇ ಮುಂದಕ್ಕೆ ಬಾಗಿದ. ಅವನ ಹಣೆ ನನ್ನ ಮೇಲೆ ಬಂದು ನಿಂತಿತು. ಮತ್ತೆ ಏಳಲಿಲ್ಲ. ಆ ಹಣೆಯ ಭಾರವನ್ನು ನಾನು ಇಂದಿಗೂ ಇಳಿಸಿಲ್ಲ.

ಮಗ್ಗದಲ್ಲಿ ಅವನು ಹಾಸಿದ ಉದ್ದ ಎಳೆಗಳ ಹಾಸು ಅರ್ಧ ಉಳಿದಿತ್ತು. ಸೂತಕ ಕಳೆದ ಮೇಲೆ ಶಾಕಂಬರಿ ಯಾರನ್ನೂ ಕೇಳದೆ ಕುಳಿಗೆ ಇಳಿದು ನೇಯತೊಡಗಿದಳು. ಅವಳು ಬೇಡವೆಂದರೂ ಫಲಿತಾಂಶ ಬಂತು. ಶಾಲೆಗೇ ಮೊದಲಿಗಳು. ಪಕ್ಕದ ಮನೆಯ ಸಿದ್ದವ್ವ ಬಾಗಿಲಲ್ಲಿ ನಿಂತು ಕೆಣಕಿದಳು: “ಏನವ್ವಾ, ಕಾಲೇಜಿಗೆ ಹೋಗಿ ಮೇಡಂ ಆಗತಿಯೋ, ಇಲ್ಲಾ ನಮ್ಮಂಗ ಕುಳಿಯಾಗ ಕುಂತು ಸೊಂಟ ಮುರಕೊಂತಿಯೋ?”

“ಮುರದರ ನಿನ್ನ ಕಡಿಂದನ ಎಣ್ಣಿ ತಿಕ್ಕಿಸಿಕೊಂತೀನಿ ಬಿಡ ಚಿಗವ್ವಾ.”

ಸಿದ್ದವ್ವ ನಕ್ಕಳು. ಹುಡುಗಿಯ ತಾಯಿ ಕಲ್ಲವ್ವ ನಗಲಿಲ್ಲ. “ಮನಿ ಚಿಂತಿ ನಿನಗ ಬ್ಯಾಡ. ನಾ ಎರಡು ಮನಿಗೆ ಲಾಳಿ ಕಂಡಿಕಿಗೆ ನೂಲು ಸುತ್ತತೀನಿ. ಶನಿವಾರ ಕಾಲೇಜಿಂದು ಕಡೀ ದಿನ, ಹೆಸರು ಹಚ್ಚಿ ಬಾ.”

“ಮಗ್ಗ ನಿಲ್ಲಂಗಿಲ್ಲ,” ಎಂದಳು ಶಾಕಂಬರಿ. ಅಷ್ಟೇ.

ನೇಕಾರರ ಒಂದು ಪದ್ಧತಿ ಹೇಳುತ್ತೇನೆ. ಹಾಸು ನೇಯ್ದು ಮುಗಿದಾಗ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದದ ತುದಿಗಳನ್ನು ನನ್ನ ಸಂದುಗಳಲ್ಲೇ ಬಿಟ್ಟಿರುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದೇ ದಿನದ ಕೆಲಸ. ತುದಿಗಳು ಹೋದವೋ, ಸಾವಿರದ ಆರುನೂರು ಎಳೆಗಳನ್ನೂ ಮೊದಲಿನಿಂದ ಪೋಣಿಸಬೇಕು.

ತಂದೆಯ ಹಾಸು ಮುಗಿದ ಸಂಜೆ ಶಾಕಂಬರಿ ತುದಿಗಳನ್ನು ಗೊಂಚಲು ಗೊಂಚಲಾಗಿ ಗಂಟು ಹಾಕಿಟ್ಟಳು. “ನಾಳೆ ಅಪ್ಪನ ಎಳಿಗೇ ಕೆಚ್ಚತೀನಿ,” ಎಂದಳು.

ಬೆಳಿಗ್ಗೆ ಅವಳು ನೀರಿಗೆ ಹೋದಾಗ ಮಾಗುಂಡಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಪಟಕ್ಕೆ ಕೈಮುಗಿದು, ಕತ್ತರಿ ಹಿಡಿದು ಬಂದ. ನನ್ನ ಮುಂದಿನ ಗಂಟುಗಳನ್ನೆಲ್ಲ ಕತ್ತರಿಸಿದ. ಆಮೇಲೆ ಮಗನ ಎಳೆಗಳನ್ನು ಹಿಂದಿನಿಂದ ಹಿಡಿಹಿಡಿಯಾಗಿ ಎಳೆದುಕೊಂಡ. ನಾನು ಹುಟ್ಟಿದ ದಿನದಷ್ಟು ಬರಿದಾದೆ.

ಶಾಕಂಬರಿ ಬಂದು ನೋಡಿದಳು. ಕೊಡ ಇಳಿಸುವುದನ್ನೂ ಮರೆತಳು.

“ಕಣ್ಣು ಕಾಣಲಿಲ್ಲ ಯವ್ವಾ. ತಪ್ಪಿ ಕತ್ತರಿ ಬಿತ್ತು,” ಎಂದ ಮುದುಕ.

“ಕಣ್ಣು ಕಾಣದಾಂವ ಇಷ್ಟು ನೆಟ್ಟಗ ಹೆಂಗ ಕತ್ತರಿಸಿದಿ ಅಜ್ಜಾ?”

ಅವಳು ಅಳಲಿಲ್ಲ. ಹೊಸ ಹಾಸನ್ನು ಮಗ್ಗಕ್ಕೆ ಏರಿಸಿ, ಪೋಣಿಸುವ ಕೊಕ್ಕೆ ಹಿಡಿದು ನನ್ನ ಮುಂದೆ ಕುಳಿತಳು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹಿಂದಿನಿಂದ ಒಬ್ಬರು ಎಳೆ ಕೊಡಬೇಕು, ಮುಂದಿನಿಂದ ಒಬ್ಬರು ಸೆಳೆದುಕೊಳ್ಳಬೇಕು. “ಹಿಂದ ಕುಂಡ್ರು,” ಎಂದಳು. ಮುದುಕ ಹೋಗಿ ಕುಳಿತ. ಅವನ ಬೆರಳಿಗೆ ಕಣ್ಣು ಬೇಕಿರಲಿಲ್ಲ.

ಮೂರು ದಿನ ಇಬ್ಬರ ನಡುವೆ ನಾನೊಬ್ಬನೇ. ಎಳೆ ಬರುತ್ತಿತ್ತು, ಹೋಗುತ್ತಿತ್ತು. ನಿಜ ಹೇಳುತ್ತೇನೆ, ಒಂದೊಂದೇ ಸಂದು ತುಂಬಿದಂತೆ ನನಗೆ ಸಂತೋಷವಾಗುತ್ತಿತ್ತು. ಈ ಹುಡುಗಿ ಇಲ್ಲೇ ಇರಲಿ ಎಂದು ನಾನು ದೇವರನ್ನು ಬೇಡಿದ್ದೂ ಉಂಟು.

ಶುಕ್ರವಾರ ಮಧ್ಯಾಹ್ನ, ಅರ್ಧ ತುಂಬಿದ ಹೊತ್ತಿಗೆ, ಹಿಂದಿನಿಂದ ಎಳೆ ಬರುವುದು ನಿಂತಿತು.

“ನಿನಗ ಏನು ಬೇಕು ಅಂತ ನಾ ಕೇಳಲೇ ಇಲ್ಲ,” ಎಂದ ಮಾಗುಂಡಪ್ಪ. “ನೀ ಓದಾಕ ಹೋಗಲಿ ಅಂತ ಕತ್ತರಿ ಹಾಕಿದೆ. ತಪ್ಪು ನಂದು. ಈಗ ಕೇಳತೀನಿ, ಹೇಳು. ಮಗ್ಗ ಅಂದರ ಕಡೀತನಕ ಎಳಿ ಕೊಡತೀನಿ.”

ಅವಳು ಕೊಕ್ಕೆಯನ್ನು ನನ್ನ ಸಂದಿನಿಂದ ತೆಗೆದು ಕೆಳಗಿಟ್ಟಳು.

“ಓದಬೇಕು ಅಜ್ಜಾ,” ಎಂದಳು. “ಆದರ ಮಗ್ಗ ನಿಂತರ ಅಪ್ಪ ಇನ್ನೊಮ್ಮೆ ಸತ್ತಂಗ ಆಗತದ.”

“ನಿಮ್ಮಪ್ಪನ ಎಳಿ ಸೆಳಕೊಂಡಾಂವ ನಾನು. ಅದು ನನ್ನ ಕೈಯಾಗ ಬಂತು. ಬರೇ ನೂಲು ಇತ್ತವ್ವಾ. ಅಂವ ಅದರಾಗ ಇರಲಿಲ್ಲ. ಬನಶಂಕರಿ ತಾಯಿ ಕಡೆ ಅದಾನ.” ಮುದುಕ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ. “ನಾನೂ ಅದರಾಗ ಹುಡುಕಿದೆ.”

ಆಗ ಇಬ್ಬರೂ ಅತ್ತರು. ತಿಂಗಳುಗಳ ಮೇಲೆ ಅತ್ತರು. ಒಂದು ಹನಿ ನನ್ನ ಬೆತ್ತದ ಮೇಲೂ ಬಿತ್ತು. ಯಾರದೆಂದು ನನಗೆ ತಿಳಿಯದು.

ಇದಾಗಿ ಬಹಳ ವರ್ಷ ಕಳೆದವು. ಮಾಗುಂಡಪ್ಪನೂ ತಾಯಿಯ ಪಾದ ಸೇರಿದ. ಕಲ್ಲವ್ವ ನನ್ನ ಧೂಳು ಒರೆಸುತ್ತಾಳೆ, ಎಳೆಗಳನ್ನು ಮುಟ್ಟುವುದಿಲ್ಲ. ಎಡಗಡೆ ತುಂಬಿದ್ದೇನೆ, ಬಲಗಡೆ ಬರಿದು. ಬರಿದಾಗಿರುವುದೂ ಒಂದು ಸೇವೆಯೇ ಇರಬಹುದೆಂದು ಈ ಮುಪ್ಪಿನಲ್ಲಿ ಅನಿಸುತ್ತದೆ. ನನಗೆ ಹಾಗೆ ಅನಿಸಲು ಕಾರಣ ಆ ಶನಿವಾರ.

ಅಂದು ಶಾಕಂಬರಿ ಕಲ್ಲವ್ವನೊಡನೆ ಕಾಲೇಜಿಗೆ ಹೋದಳು. ಮನೆಯಲ್ಲಿ ಮುದುಕನೊಬ್ಬನೇ. ಅಭ್ಯಾಸದಿಂದ ಬಂದು ಮಗ್ಗದ ಹಿಂದೆ ಕುಳಿತ. ಒಂದು ಎಳೆಯನ್ನು ಬಿಡಿಸಿ ನನ್ನತ್ತ ಚಾಚಿದ. ಈ ಕಡೆ ತೆಗೆದುಕೊಳ್ಳುವ ಕೈ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ. ಆಮೇಲೆ ಮೆಲ್ಲಗೆ ನಕ್ಕು ಹೇಳಿದ:

“ತಾಯೀ, ಇದರ ತುದಿ ನೀನ ಹಿಡಕೋ.”

ಎಂದವನೇ ಬೆರಳು ಬಿಟ್ಟ.