ರೋಸಿಗೊಂದು ಅಗ್ಗದ ಪಿಸ್ತೂಲು

ಫ್ಲಾಟಿನಲ್ಲಿ ಬಾಳಿದವರಿಗೆಲ್ಲ ಗೊತ್ತಿರುವ ಒಂದು ಕಷ್ಟ ಇದೆ. ಅದು ಮೇಲಿನ ಮನೆಯ ಸದ್ದು.

ಲಂಡನ್ನಿನ ಹೌನ್ಸ್ಲೋದಲ್ಲಿ ಒಂದು ಹಳೆಯ ಮನೆ. ಅದನ್ನು ಎರಡು ಫ್ಲಾಟು ಮಾಡಿದ್ದರು. ಕೆಳಗೆ ಸಿಲ್ವೆಸ್ಟರ್ ಮತ್ತು ವ್ಯಾಲೆಂಟೀನಾ, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಮೇಲೆ ಧಾರವಾಡದ ಡಾಕ್ಟರ್ ನೀರಜಾ. ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಕೆಲಸ. ಜೊತೆಗೆ ಆಕೆಯ ಗಂಡ ಮತ್ತು ಮಗಳು ಧೃತಿ. ಧೃತಿಗೆ ಆರು ವರ್ಷ. ಆದರೆ ಕಾಲಿಗೆ ಮಾತ್ರ ಆನೆಯ ಬಲ. ಬೆಳಗಾದರೆ ಸಾಕು, ಸಿಲ್ವೆಸ್ಟರ್‌ನ ಅಡುಗೆಮನೆಯ ನೆತ್ತಿಯ ಮೇಲೆಯೇ ಹಗ್ಗದಾಟ ಶುರು.

ಸಿಲ್ವೆಸ್ಟರ್‌ಗೆ ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಚಹಾ ಕುಡಿಯುವಾಗ ತಲೆಯ ಮೇಲೆ ಧಡ್ ಧಡ್ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಪೊರಕೆಯ ಹಿಡಿಯಿಂದ ಛಾವಣಿಗೆ ಎರಡು ಸಲ ಕುಟ್ಟುತ್ತಿದ್ದ. ಮೇಲಿನಿಂದ ಧೃತಿಯೂ ಎರಡು ಸಲ ಕಾಲು ಅಪ್ಪಳಿಸುತ್ತಿದ್ದಳು. ಬರಬರುತ್ತಾ ಅದೇ ಅವರಿಬ್ಬರ ಗುಡ್ ಮಾರ್ನಿಂಗ್ ಆಯಿತು. ಸಿಟ್ಟು ಹೋಯಿತು, ಕುಟ್ಟುವುದು ಉಳಿಯಿತು.

ಅದು 2003ರ ಏಪ್ರಿಲ್. ಸಿಲ್ವೆಸ್ಟರ್‌ನ ಒಬ್ಬಳೇ ಮಗಳು ವೆನಿಶಾಗೆ ಮದುವೆ ಗೊತ್ತಾಗಿತ್ತು. ಉಪವಾಸದ ಕಾಲ ಮುಗಿದು ಈಸ್ಟರ್ ಆದ ವಾರವೇ ಮುಹೂರ್ತ. ಶುಕ್ರವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ರೋಸ್. ರೋಸ್ ಅಂದರೆ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಊರಿನಲ್ಲಿ ಮೊದಲ ಹಾಲು ತಲೆಗೆ ಬಿದ್ದ ಕೂಡಲೇ ಹೊರಗೆ ಗರ್ನಾಲು ಹೊಡೆಯುತ್ತಿದ್ದರು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬೆಂಕಿ ಕೊಟ್ಟರೆ ಧಡಾರ್! ನಾಲ್ಕು ಊರಿಗೆ ಸುದ್ದಿ ಮುಟ್ಟುತ್ತಿತ್ತು. ಸಿಲ್ವೆಸ್ಟರ್‌ನ ಅಪ್ಪ ಊರಿಗೆಲ್ಲ ಹೆಸರಾದ ಗರ್ನಾಲಿನವರು.

“ಗರ್ನಾಲು ಇಲ್ಲದ ರೋಸು ಎಂತ ರೋಸು? ಉಪ್ಪಿಲ್ಲದ ಗಂಜಿ!” ಎಂದು ಅವನು ಮನೆಯಲ್ಲಿ ದಿನಾ ಗೊಣಗುತ್ತಿದ್ದ.

ಲಂಡನ್ನಿನಲ್ಲಿ ಗರ್ನಾಲು ಎಲ್ಲಿಂದ ತರುವುದು? ಆ ಹಾಲ್‌ನಲ್ಲಿ ಮೇಣದಬತ್ತಿ ಹಚ್ಚುವುದಕ್ಕೂ ಅಪ್ಪಣೆ ಬೇಕು. ಅಂಥ ಹೊತ್ತಿನಲ್ಲಿ ಹಳೆಯ ಸಾಮಾನು ಮಾರುವ ಒಂದು ಭಾನುವಾರದ ಸಂತೆಯಲ್ಲಿ ಯಾರೋ ಒಬ್ಬ ಅವನನ್ನು ಪಕ್ಕಕ್ಕೆ ಕರೆದ. ಕಾರಿನ ಡಿಕ್ಕಿಯಲ್ಲಿ ಟವೆಲ್ ಸರಿಸಿ ಪಿಸ್ತೂಲು ತೋರಿಸಿದ. “ಬರೀ ಸದ್ದು ಅಷ್ಟೇ, ಗುಂಡು ಬರುವುದಿಲ್ಲ. ಓಟದ ಪಂದ್ಯದಲ್ಲಿ ಹೊಡೆಯುತ್ತಾರಲ್ಲ, ಅಂಥದ್ದು” ಎಂದ. ಬೆಲೆ ಒಂದು ಜೊತೆ ಶೂಗಿಂತ ಕಡಿಮೆ. ಅಗ್ಗ ಅಂದರೆ ನಮ್ಮವರ ಕಿವಿ ನೆಟ್ಟಗಾಗುವುದು ಹೊಸತೇನಲ್ಲ. ಸಿಲ್ವೆಸ್ಟರ್ ಕೊಂಡುಕೊಂಡ. ಮನೆಗೆ ತಂದು ಕಪಾಟಿನ ಮೇಲೆ ಬಿಸ್ಕತ್ತಿನ ಡಬ್ಬದಲ್ಲಿಟ್ಟ. ಹೆಂಡತಿಗೂ ಹೇಳಲಿಲ್ಲ.

ಈಸ್ಟರಿನ ಮರುದಿನ ಎಲ್ಲರಿಗೂ ರಜೆ. ವ್ಯಾಲೆಂಟೀನಾ ತೆಂಗಿನಕಾಯಿ ತರಲು ಅಂಗಡಿಗೆ ಹೋಗಿದ್ದಳು. ಮೇಲಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಎಲ್ಲರೂ ಹೊರಗೆ ಹೋಗಿರಬೇಕು ಅಂದುಕೊಂಡ ಸಿಲ್ವೆಸ್ಟರ್‌ಗೆ ಒಂದು ಯೋಚನೆ ಬಂತು. ರೋಸಿನ ದಿನ ಸದ್ದು ಟುಸ್ ಅಂದರೆ ಮರ್ಯಾದೆ ಹೋಗುತ್ತದೆ. ಒಮ್ಮೆ ಹೊಡೆದು ನೋಡಿಬಿಡೋಣ.

ಕಿಟಕಿ ಮುಚ್ಚಿದ. ರೇಡಿಯೋ ಜೋರು ಮಾಡಿದ. ಅಡುಗೆಮನೆಯ ನಡುವೆ ನಿಂತು, ಅಪ್ಪನ ಹಾಗೆ ಎದೆ ಸೆಟೆದು, ಪಿಸ್ತೂಲನ್ನು ಛಾವಣಿಯ ಕಡೆಗೆ ಎತ್ತಿದ.

“ಅಯ್ಯೋ ದೇವರೇ! ಎಂತ ಮಾಡ್ತಾ ಇದ್ದೀರಿ ನೀವು?”

ಬಾಗಿಲಲ್ಲಿ ವ್ಯಾಲೆಂಟೀನಾ. ಕೈಯಲ್ಲಿದ್ದ ತೆಂಗಿನಕಾಯಿ ಚೀಲ ಕೆಳಗೆ ಬಿತ್ತು. ಅವಳ ಹಿಂದೆ ನೀರಜಾ ನಿಂತಿದ್ದಳು. ಕಾಯಿ ತುರಿಯುವುದಕ್ಕೆ ಸಹಾಯ ಮಾಡುತ್ತೇನೆಂದು ಮೇಲಿನಿಂದ ಇಳಿದು ಬಂದಿದ್ದಳು.

“ಅಣ್ಣಾರ, ಮದಲ ಅದನ್ನ ಮೇಜಿನ ಮ್ಯಾಲೆ ಇಡ್ರಿ. ಸಾವಕಾಶ. ಬಟ್ಟು ಟ್ರಿಗರಿಗೆ ತಾಗಿಸಬ್ಯಾಡ್ರಿ. ಪಿಸ್ತೂಲಿನ ಬಾಯಿ ಗ್ವಾಡಿ ಕಡೆ ಇರಲಿ” ಎಂದಳು ನೀರಜಾ. ದನಿ ಎತ್ತರಿಸಲಿಲ್ಲ. ಕ್ಯಾಶುವಲ್ಟಿಯಲ್ಲಿ ಕೆಲಸ ಮಾಡುವವರ ದನಿಯೇ ಹಾಗೆ. ನಡುಗುವುದು ಒಳಗೆ, ಹೊರಗೆ ಗೊತ್ತಾಗುವುದಿಲ್ಲ.

ಸಿಲ್ವೆಸ್ಟರ್ ಇಟ್ಟ. ಆದರೆ ನಗಲು ನೋಡಿದ. “ನೀವೊಬ್ರು ಡಾಕ್ಟ್ರೇ! ಇದು ಬರೀ ಸದ್ದಿನ ಪಿಸ್ತೂಲು. ಗುಂಡು ಬರುದಿಲ್ಲ. ರೋಸಿಗೆ ಗರ್ನಾಲಿನ ಬದ್ಲಿಗೆ ತಂದದ್ದು.”

“ಯಾರು ಹೇಳಿದ್ರು?”

“ಮಾರಿದವ ಹೇಳಿದ.”

“ಮಾರಾಂವ ಮತ್ತೇನು ಹೇಳ್ತಾನ್ರಿ? ಮಸರು ಮಾರಾಕಿ ತನ್ನ ಮಸರು ಹುಳಿ ಅಂತಾಳೇನು?” ನೀರಜಾ ಕುರ್ಚಿ ಎಳೆದು ಕುಳಿತಳು. “ಹ್ವಾದ ತಿಂಗಳ ಒಬ್ಬ ಹುಡುಗಿನ್ನ ನಮ್ಮ ಕಡೆ ತಂದಿದ್ರು. ಹುಟ್ಟಿದ ಹಬ್ಬದಾಗ ಅವರ ಕಾಕಾ ಖುಷೀಲೆ ಪಿಸ್ತೂಲು ಹಾರಿಸ್ಯಾನ. ಅದೂ ಸದ್ದಿನ ಪಿಸ್ತೂಲಽ ಅಂತ. ತೊಡಿಯೊಳಗಿಂದ ಗುಂಡು ತಗದ್ವಿ. ಜೀವ ಉಳೀತು. ಆ ಕಾಕಾ ಹೊರಗ ಕುಂತು ತಲಿ ಚಚ್ಚಿಕೊಂಡು ಅಳತಿದ್ದ. ಅವನ ಅಳು ಇನ್ನೂ ನನ್ನ ಕಿವ್ಯಾಗ ಅದ.”

“ಸದ್ದಿನದ್ರಲ್ಲಿ ಗುಂಡು ಹೇಗೆ ಬಂತು?” ಎಂದು ವ್ಯಾಲೆಂಟೀನಾ ಕೇಳಿದಳು.

“ನಳಗಿ ಮುಚ್ಚಿರತದ ಅಕ್ಕಾ. ಅದನ್ನ ಕೊರದು ತೂತು ಮಾಡ್ತಾರ. ಅಸಲಿ ಪಿಸ್ತೂಲು ಈ ದೇಶದಾಗ ಅಂಗಡ್ಯಾಗ ಸಿಗಂಗಿಲ್ಲಲ್ಲ. ಸ್ಕಾಟ್ಲೆಂಡಿನ ಸಾಲಿಯೊಳಗ ಒಬ್ಬಾಂವ ಪಿಸ್ತೂಲು ಹಾರಿಸಿ ಸಣ್ಣ ಸಣ್ಣ ಮಕ್ಕಳನ್ನ ಕೊಂದಿದ್ದು ನೆನಪದ ಅಲ್ಲ? ಅದರ ಮರುವರ್ಷ ಕಾನೂನು ಬಂತು. ಲೈಸೆನ್ಸ್ ಇದ್ದ ಮಂದಿ ಸೈತ ತಮ್ಮ ಕೈಪಿಸ್ತೂಲು ತಂದು ಒಪ್ಪಿಸಿದ್ರು. ಲಕ್ಷದ ಮ್ಯಾಲೆ ಬಂದ್ವು. ನನಗ ಈ ದೇಶದ ಮ್ಯಾಲೆ ಹೆಮ್ಮಿ ಅನಿಸಿದ್ದು ಆವಾಗ. ಈಗ ಕಳ್ಳರು ಈ ಅಗ್ಗದ ದಾರಿ ಹಿಡದಾರ. ದುಬಾರೀದು ಒಬ್ಬರ ಕೈಗೆ ಸಿಕ್ಕರ, ಅಗ್ಗದ್ದು ಊರ ಮಂದಿ ಕೈಗೆಲ್ಲ ಸಿಗತದ. ಅದಕ್ಕಽ ಅಗ್ಗದ ಪಿಸ್ತೂಲು ಮಾರೋದಕ್ಕ ಲಗಾಮು ಹಾಕಬೇಕಂತ ಪಾರ್ಲಿಮೆಂಟಿನ್ಯಾಗ ಮಾತು ನಡದದ.”

ಸಿಲ್ವೆಸ್ಟರ್ ಒಪ್ಪಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

“ಸರಿ ಮಾರಾಯ್ರೇ, ಗುಂಡೇ ಉಂಟು ಅಂತ ಇಟ್ಕೊಳ್ಳುವ. ನಾನು ಯಾರಿಗಾದ್ರೂ ಗುರಿ ಇಡ್ತೇನಾ? ಮೇಲಕ್ಕೆ ಹೊಡಿಯುದು. ನನ್ನ ಅಪ್ಪ ಮೂವತ್ತು ವರ್ಷ ಗರ್ನಾಲು ಹೊಡ್ದಿದ್ದಾರೆ. ಯಾರಿಗೂ ಒಂದು ಗೀರು ಆಗ್ಲಿಲ್ಲ. ಮೇಲಕ್ಕೆ ಹೊಡೆದ್ರೆ ಯಾರಿಗೆ ಎಂತ ಆಗ್ತದೆ?”

ಆಗ ಮೇಲಿನಿಂದ ಕೇಳಿತು. ಧಡ್. ಧಡ್.

ಎರಡು ಸಲ. ಸರಿಯಾಗಿ ಅವರ ತಲೆಯ ಮೇಲೆ.

ಸಿಲ್ವೆಸ್ಟರ್ ಮೇಜಿನಿಂದ ಹಿಂದೆ ಸರಿದ. “ಮಗು… ಮಗು ಮನೆಯಲ್ಲಿ ಉಂಟಾ?”

“ಎಲ್ಲಿ ಹೋಗ್ತಾಳ್ರಿ? ಅವರಪ್ಪ ಮಲಗ್ಯಾರ. ಮುಂಜಾನಿಯಿಂದ ಅಡಗಿಮನಿ ನೆಲದ ಮ್ಯಾಲೆ ಬೋರಲ ಮಲಗಿ ಚಿತ್ರಕ್ಕ ಬಣ್ಣ ಹಚ್ಚಲಿಕ್ಕತ್ತಿದ್ಲು” ಎಂದಳು ನೀರಜಾ. ಈಗ ಅವಳ ದನಿಯೂ ನಡುಗಿತು. “ವೆನಿಶಾಗ ಕೊಡಲಿಕ್ಕೆ. ಮುಗೀತು ಅಂತ ಕಾಣತದ. ನಿಮಗ ಗುಡ್ ಮಾರ್ನಿಂಗ್ ಹೇಳಲಿಕ್ಕತ್ತಾಳ.”

ಅವನು ಛಾವಣಿ ನೋಡಿದ. ಪೊರಕೆ ಕುಟ್ಟಿ ಕುಟ್ಟಿ ಬಣ್ಣ ಎದ್ದಿದ್ದ ಜಾಗ ಕಾಣುತ್ತಿತ್ತು. ಪಿಸ್ತೂಲು ಎತ್ತಿದ್ದು ಅದೇ ಜಾಗಕ್ಕೆ. ಅಪ್ಪನ ಗರ್ನಾಲಿನ ಮೇಲೆ ಇದ್ದದ್ದು ಆಕಾಶ. ಇಲ್ಲಿ ಮೇಲೆ ಇರುವುದು ಇನ್ನೊಬ್ಬರ ನೆಲ, ಅದೂ ಮರದ ಹಲಗೆಯದು. ಇಷ್ಟು ವರ್ಷ ಲಂಡನ್ನಿನಲ್ಲಿದ್ದು ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು. ಕುರ್ಚಿಯಲ್ಲಿ ಕುಸಿದ.

“ನಂಗೆ ಬೇಡ ಇದು. ಕೆನಾಲಿಗೆ ಬಿಸಾಡಿ ಬರ್ತೇನೆ.”

“ಬ್ಯಾಡ್ರಿ. ನೀರಿಗೆ ಹಾಕಿದ್ದು ನಾಳೆ ಸಣ್ಣ ಹುಡುಗರ ಕೈಗೆ ಸಿಗತದ. ಪೊಲೀಸರಿಗೆ ಕೊಡೂಣು.”

“ಪೊಲೀಸಾ?” ವ್ಯಾಲೆಂಟೀನಾ ಹೆದರಿದಳು. “ಇವರನ್ನು ಒಳಗೆ ಹಾಕಿದ್ರೆ? ಶುಕ್ರವಾರ ರೋಸು. ವೀಸಾ ಗೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳ್ಸಿದ್ರೆ ನಮ್ಮ ಮಗಳ ಗತಿ ಎಂತ?”

“ಅಕ್ಕಾ, ಅದಕ್ಕಽ ಸರಕಾರ ಈ ತಿಂಗಳು ಪೂರ್ತಿ ಅವಕಾಶ ಕೊಟ್ಟದ. ತಾವಽ ತಂದು ಒಪ್ಪಿಸಿದ್ರ, ಇಟಗೊಂಡಿದ್ದಕ್ಕ ಕೇಸು ಹಾಕಂಗಿಲ್ಲ. ಅದರಿಂದ ಏನರ ಅಪರಾಧ ಆಗಿದ್ರ ಅದನ್ನ ಬ್ಯಾರೆ ವಿಚಾರಣಾ ಮಾಡ್ತಾರ. ನೀವೇನು ಮಾಡಿಲ್ಲಲ್ಲ? ಮತ್ಯಾಕ ಅಂಜಿಕಿ? ಮುಂದ ಕಾನೂನು ಬಿಗಿ ಆಗತದ. ಆವಾಗ ಇದು ಮನ್ಯಾಗ ಸಿಕ್ರ ಐದು ವರ್ಷ ಜೇಲು ಅಂತ ಮಾತದ.”

ಸಿಲ್ವೆಸ್ಟರ್ ಎದ್ದ. ಯಾರೂ ಹೇಳುವ ಮೊದಲೇ ಫೋನ್ ತೆಗೆದುಕೊಂಡ. ಪೊಲೀಸ್ ಠಾಣೆಗೆ ತಾನೇ ಮಾತಾಡಿದ. ಅವರು ಹೇಳಿದಂತೆ ಟವೆಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ನೀರಜಾಳ ಕಾರಿನ ಡಿಕ್ಕಿಯಲ್ಲಿಟ್ಟ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ವ್ಯಾಲೆಂಟೀನಾ ಹಿಂದಿನ ಸೀಟಿನಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. “ನೀನು ಮನೆಯಲ್ಲಿರು” ಅಂದರೆ ಕೇಳುವ ಹೆಂಗಸಲ್ಲ ಅವಳು.

ಠಾಣೆಯಲ್ಲಿ ಒಬ್ಬ ಪೊಲೀಸ್ ಹೆಂಗಸು ಕೈಗವಸು ಹಾಕಿಕೊಂಡು ಚೀಲವನ್ನು ಒಳಗೆ ಒಯ್ದಳು. ತಿರುಗಿ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

“ಇದನ್ನು ಹೊಡೆದು ನೋಡಿದ್ದೀರಾ, ಸರ್?”

“ಇಲ್ಲ.”

“ಒಳ್ಳೆಯದಾಯಿತು. ನಳಿಗೆ ಕೊರೆದಿದ್ದಾರೆ. ಒಳಗೆ ಒಂದು ತೋಟೆ ಇತ್ತು. ಅದಕ್ಕೆ ಸೀಸದ ಗುಂಡು ತುಂಬಿದ್ದಾರೆ.”

ಸಿಲ್ವೆಸ್ಟರ್ ಶಿಲುಬೆಯ ಗುರುತು ಮಾಡಿಕೊಂಡ. ನೀರಜಾ ಕಣ್ಣು ಮುಚ್ಚಿಕೊಂಡಳು. ಯಾರೂ ಅವನನ್ನು ಬೈಯಲಿಲ್ಲ, ಕೋಳ ತೊಡಿಸಲಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ತಂದು ಕೊಟ್ಟದ್ದಕ್ಕೆ ಆ ಪೊಲೀಸ್ ಹೆಂಗಸು ಅವನ ಕೈ ಕುಲುಕಿದಳು. ಮಗಳ ಮದುವೆಗೆ ಶುಭಾಶಯವನ್ನೂ ಹೇಳಿದಳು. ಹೊಡೆದು ಬಡಿದು ಕಸಿದುಕೊಳ್ಳುವ ಬದಲು ‘ತಂದು ಕೊಡಿ, ನಂಬುತ್ತೇವೆ’ ಅನ್ನುವ ಕಾನೂನು ಸಣ್ಣದಲ್ಲ. ಆ ಮಾತನ್ನು ನಂಬಿ ತಲೆ ತಗ್ಗಿಸಿ ನಡೆದು ಹೋದ ಮನುಷ್ಯನೂ ಸಣ್ಣವನಲ್ಲ. ಎಡವದವರು ಯಾರಿದ್ದಾರೆ? ಎದ್ದು ದಾರಿ ಸರಿಮಾಡಿಕೊಂಡವರನ್ನು ಮೆಚ್ಚಬೇಕು.

ಹಾಗಾದರೆ ಗರ್ನಾಲು? ಅದೂ ಆಯಿತು!

ಆ ವಾರ ಕೆಲಸಕ್ಕೆ ಹೋದಾಗ ಯಾರೋ ಜೊತೆಗಾರ ತಮಾಷೆಗೆ ಬ್ರೆಡ್ ಹಾಕುವ ಕಾಗದದ ಚೀಲ ಊದಿ ಅವನ ಬೆನ್ನ ಹಿಂದೆ ಒಡೆದ. ಸಿಲ್ವೆಸ್ಟರ್ ಬೆಚ್ಚಿಬಿದ್ದ. ಆಮೇಲೆ ಜೋರಾಗಿ ನಕ್ಕ. ಕಾರ್ಖಾನೆಯ ಮೇಲ್ವಿಚಾರಕರನ್ನು ಕೇಳಿ ಒಂದು ಕಟ್ಟು ಚೀಲ ಮನೆಗೆ ತಂದ.

ಶುಕ್ರವಾರ ಹಾಲ್ ತುಂಬಿತ್ತು. ಬಂದವರ ಕೈಗೆಲ್ಲ ವ್ಯಾಲೆಂಟೀನಾ ಒಂದೊಂದು ಚೀಲ ಕೊಟ್ಟಳು.

“ಡ್ಯಾಡ್, ಸೀರಿಯಸ್ಲೀ? ಪೇಪರ್ ಬ್ಯಾಗಾ?” ಎಂದಳು ವೆನಿಶಾ ನಗುತ್ತ.

“ಸುಮ್ನಿರು ಮಗಾ. ನಿನ್ನ ಅಜ್ಜನೂ ಕೇಳ್ಬೇಕು, ಹಾಗೆ ಆಗ್ತದೆ ಸದ್ದು.”

ವ್ಯಾಲೆಂಟೀನಾ ಮೊದಲ ತೆಂಗಿನ ಹಾಲು ಮಗಳ ನೆತ್ತಿಗೆ ಬಿಟ್ಟಳು. ಎಲ್ಲರೂ ಚೀಲ ಊದಿ ಕಾದರು. ಸಿಲ್ವೆಸ್ಟರ್ ಎಲ್ಲಕ್ಕಿಂತ ದೊಡ್ಡ ಚೀಲವನ್ನು ಧೃತಿಯ ಕೈಗೆ ಕೊಟ್ಟ.

“ಮೊದಲ ಗರ್ನಾಲು ನಿಂದು ಮಗಾ. ಹೊಡಿ!”

ಧೃತಿ ಚೀಲವನ್ನು ನೆಲಕ್ಕೆ ಹಾಕಿ ಎರಡೂ ಕಾಲಿನಿಂದ ಅದರ ಮೇಲೆ ಹಾರಿದಳು. ಧಡಾರ್! ಅದರ ಹಿಂದೆಯೇ ಹಾಲ್ ತುಂಬ ಧಡಾರ್ ಧಡಾರ್! ಮುದುಕರು ಕಿವಿ ಮುಚ್ಚಿಕೊಂಡು ನಕ್ಕರು. ಸಿಲ್ವೆಸ್ಟರ್ ಮಾತ್ರ ಆ ಸದ್ದಿನ ನಡುವೆ ಧೃತಿಯ ಎರಡು ಪುಟ್ಟ ಕಾಲುಗಳನ್ನೇ ನೋಡುತ್ತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು. ನೋಡಿದವರು ಮಗಳು ಹೋಗುವ ದುಃಖ ಅಂದುಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ಆ ಏಪ್ರಿಲ್ ಕಳೆದು ವರ್ಷಗಳಾದವು. ಕಾನೂನು ಈಗ ಇನ್ನೂ ಬಿಗಿಯಾಗಿದೆ. ಅಸಲಿಯಂತೆ ಕಾಣುವ ನಕಲಿ ಪಿಸ್ತೂಲಿನ ಮಾರಾಟಕ್ಕೂ ಕಡಿವಾಣ ಬಿದ್ದಿದೆ. ಅದು ನಮ್ಮನ್ನು ಕಾಡಲು ಅಲ್ಲ, ಕಾಯಲು. ಹಬ್ಬಕ್ಕೆ, ಮದುವೆಗೆ, ಕಳ್ಳರ ಭಯಕ್ಕೆ, ಯಾವ ನೆಪಕ್ಕೂ ಅಗ್ಗದ ಪಿಸ್ತೂಲು ಕೊಳ್ಳಬೇಡಿ. “ಬರೀ ಸದ್ದು” ಎಂದು ಯಾರಾದರೂ ಅಂದರೆ ನಂಬಬೇಡಿ. ಮನೆಯಲ್ಲಿ ಅಂಥದ್ದು ಕಂಡರೆ ಮುಟ್ಟಬೇಡಿ, ನೀರಿಗೆ ಎಸೆಯಬೇಡಿ, ಮಕ್ಕಳನ್ನು ದೂರ ಇಟ್ಟು ಮೊದಲು ಪೊಲೀಸರಿಗೆ ಫೋನ್ ಮಾಡಿ. ಹೆದರಿಕೆಯಾದರೆ ತಿಳಿದವರೊಬ್ಬರನ್ನು, ಇಲ್ಲವೇ ವಕೀಲರನ್ನು ಕೇಳಿ. ನಾಚಿಕೆಯಿಂದ ಮುಚ್ಚಿಡಬೇಡಿ.

ನಿಮ್ಮ ಮೇಲಿನ ಮನೆಯಲ್ಲೂ ಈಗ ಯಾರೋ ಧಡ್ ಧಡ್ ಎಂದು ಕುಣಿಯುತ್ತಿರಬಹುದು. ಕುಣಿಯಲಿ ಬಿಡಿ.