ಪರದೆಯ ಹಗ್ಗ

ಅಮೃತಾ ಮೊಬೈಲಿಗೆ ಬಂದಿದ್ದ ಪಟ್ಟಿಯನ್ನು ಎರಡನೇ ಸಲ ಓದಿದಳು. ಶಾಂತಕುಮಾರಿ, ನಟಿ. ಅಜ್ಜಯ್ಯ, ಹಾರ್ಮೋನಿಯಂ. ಅಂಜಿನೇಯಲು, ತಬಲಾ. ಅಮೃತಾ, ನಟಿ. ಅಷ್ಟೇ. ಗೋದಾಮಿನ ಮೂಲೆಯಲ್ಲಿ ಪರದೆಯ ಸುರುಳಿ ಬಿಚ್ಚಿ ನಡುನಡುವೆ ಬೇವಿನ ಸೊಪ್ಪು ಹಾಕುತ್ತಿದ್ದ ಹುಲುಗಪ್ಪ ಎರಡನೇ ಸಲವೂ ಕೈ ನಿಲ್ಲಿಸಿ ಕೇಳಿದ. ಐದನೆಯ ಹೆಸರು ಬರಲಿಲ್ಲ. ಮತ್ತೆ ಸೊಪ್ಪು ಹಾಕತೊಡಗಿದ.

ಉಳಿದವರಿಗೆ ಅದು ತಕ್ಷಣ ಹೊಳೆಯಲಿಲ್ಲ. ಸಂತೋಷ ಅಂಥದಿತ್ತು. ಕೊರೊನಾ ಬಂದ ಮೇಲೆ ಎರಡು ವರ್ಷ ಕೊಟ್ಟೂರಿನ ಸುತ್ತ ಒಂದು ಊರಲ್ಲೂ ನಾಟಕವಾಗಿರಲಿಲ್ಲ. ಪೇಟಿ ನುಡಿಸುವ ಅಜ್ಜಯ್ಯ ಮಾಸ್ತರರು ಮಗಳ ಮನೆಯಲ್ಲಿ ಮುದುಡಿ ಕೂತಿದ್ದರು, ಅಂಜಿನೇಯಲು ತರಕಾರಿ ಗಾಡಿ ತಳ್ಳುತ್ತಿದ್ದ, ಅಮೃತಾ ಗಾರ್ಮೆಂಟ್ಸಿಗೆ ಹೋಗುವ ಮಾತಾಡುತ್ತಿದ್ದಳು. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ಟ್ರಸ್ಟಿನವರು, ಕಲಾವಿದರು ಕಸುಬು ಬಿಟ್ಟು ಚದುರಿಹೋಗಬಾರದು, ಆರು ತಿಂಗಳ ಪಗಾರ ನಾವು ಕೊಡುತ್ತೇವೆ ಎಂದಿದ್ದರು. ತಂಡದಲ್ಲಿ ದುಡಿಯುವವರ ಹೆಸರು ಬರೆಯಿರಿ ಎಂದು ಅರ್ಜಿಯಲ್ಲಿ ಕೇಳಿತ್ತು. ತಂಡದ ಯಜಮಾನಿ ಶಾಂತಕುಮಾರಿ ಹಲವಾಗಲಿನ ನಾಟಕದ ಹಳೇ ಕರಪತ್ರ ಎದುರಿಗಿಟ್ಟುಕೊಂಡು ಒಂದೊಂದೇ ಹೆಸರು ಹೇಳಿದ್ದಳು, ಅಮೃತಾ ಮೊಬೈಲಿನಲ್ಲಿ ಒತ್ತಿದ್ದಳು.

ನಮ್ಮ ಕಡೆಯ ಕರಪತ್ರದ ಕ್ರಮ ಗೊತ್ತಿರುವುದೇ. ಮೇಲೆ ಊರ ದೇವರು, ಕೆಳಗೆ ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು. ಆಮೇಲೆ ಪಾತ್ರ ಮಾಡುವ ಊರ ಗಂಡಸರು, ಒಬ್ಬೊಬ್ಬರೂ ಕೂಲಿಂಗ್ ಗ್ಲಾಸು ಹಾಕಿಕೊಂಡ ಫೋಟೋ ಸಮೇತ. ಆಮೇಲೆ ಸ್ತ್ರೀಪಾತ್ರದವರು, ಪೇಟಿ, ತಬಲಾ. ಶಾಮಿಯಾನದವನ ಹೆಸರೂ ಇರುತ್ತದೆ, ಚಹಾ ಕೊಟ್ಟವನದೂ ಇರುತ್ತದೆ. ಪರದೆ ಎಳೆಯುವವನ ಹೆಸರು ಮಾತ್ರ ಯಾವ ಪ್ರೆಸ್ಸಿನಲ್ಲೂ ಯಾವ ಕಾಲಕ್ಕೂ ಅಚ್ಚಾಗಿಲ್ಲ. ಇಪ್ಪತ್ತಾರು ವರ್ಷ ಹಗ್ಗ ಹಿಡಿದ ಹುಲುಗಪ್ಪ ಪಟ್ಟಿಯಿಂದ ಬಿಟ್ಟುಹೋದದ್ದು ಹೀಗೆ. ಮರೆತವಳು ಶಾಂತಕುಮಾರಿ. ಮರೆಯಬಾರದವಳೂ ಅವಳೇ.

ಅವಳ ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ, ಬಣ್ಣ ಹಚ್ಚಿದರೆ ಕಾಣುವುದಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ತೆಲಿಗಿಯ ನಾಟಕದಲ್ಲಿ ಪಾತ್ರಕ್ಕೆ ನಿಂತಾಗ, ಅಂದಿನ ಪರದೆಯವನು ಎತ್ತಿದ ಪರದೆಯ ಹಗ್ಗವನ್ನು ಕಂಬಕ್ಕೆ ಕಟ್ಟಿ ಬೀಡಿ ಸೇದಲು ಹೋಗಿದ್ದ. ಗಂಟು ಜಾರಿತು. ಪರದೆಯ ಬುಡಕ್ಕಿದ್ದ ಬಿದಿರಿನ ಗಳ ಅವಳ ಹಣೆಗೆ ಬಿತ್ತು. ರಂಗಕ್ಕೆ ಟ್ರ್ಯಾಕ್ಟರಿನಲ್ಲಿ ಹಲಗೆ ತಂದಿದ್ದ ಹುಲುಗಪ್ಪ ಜನರ ನಡುವಿನಿಂದ ಓಡಿಬಂದು ಗಳ ಎತ್ತಿದ, ನಾಟಕ ಮುಗಿಯುವವರೆಗೆ ಹಗ್ಗ ಹಿಡಿದೇ ನಿಂತ. ಆಮೇಲೆ ಟ್ರ್ಯಾಕ್ಟರಿನ ಕೆಲಸಕ್ಕೆ ವಾಪಸು ಹೋಗಲಿಲ್ಲ. ಅಂದಿನಿಂದ ಒಮ್ಮೆಯೂ ಅವನು ಹಗ್ಗವನ್ನು ಕಂಬಕ್ಕೆ ಕಟ್ಟಿಲ್ಲ. ದೃಶ್ಯ ಒಂದು ಗಂಟೆ ನಡೆದರೆ ಒಂದು ಗಂಟೆ, ಎರಡು ಹಗ್ಗ ಎರಡು ಕೈಯಲ್ಲಿ. ಮೂಗು ತುರಿಸಿದರೆ ತೋಳಿಗೆ ತಿಕ್ಕಿಕೊಳ್ಳುತ್ತಾನೆ. ನಾಟಕವೇ ಇಲ್ಲದ ಈ ಎರಡು ವರ್ಷವೂ ಯಾರೂ ಕರೆಯದೆ ಪ್ರತಿ ಸೋಮವಾರ ಬಂದು, ಇಲಿ ಕಡಿಯದಂತೆ ಹುಳ ಹಿಡಿಯದಂತೆ ಪರದೆಗಳನ್ನು ಕಾಯ್ದವನು ಅವನು. ಇಂಥವನು ಹತ್ತು ತಂಡಕ್ಕೆ ಒಬ್ಬ ಸಿಕ್ಕರೆ ಹೆಚ್ಚು.

ಶಾಂತಕುಮಾರಿ ಟ್ರಸ್ಟಿಗೆ ಫೋನು ಮಾಡಿದಳು. ಪಟ್ಟಿ ಮುಗಿದಿದೆ, ಅಲ್ಲದೆ ಸಹಾಯಕರನ್ನು ಕಲಾವಿದರೆಂದು ಸೇರಿಸಲು ಬರುವುದಿಲ್ಲ ಎಂದರು. ಹಾಗಾದರೆ ನಾಲ್ವರೂ ತಮ್ಮ ತಮ್ಮ ಪಗಾರದಲ್ಲಿ ಒಂದಿಷ್ಟು ತೆಗೆದು ಕೊಡೋಣ ಎಂದು ಮಾತಾಯಿತು. ಅದನ್ನು ಹೇಳಲು ಅವಳು ಹೋದಾಗ ಹುಲುಗಪ್ಪ ಮನೆಯ ಕಟ್ಟೆಯ ಮೇಲೆ ಕೂತು ಮೂಟೆ ಎತ್ತುವ ಹಮಾಲರ ಕೊಕ್ಕೆಗೆ ಹಿಡಿದ ತುಕ್ಕು ಉಜ್ಜುತ್ತಿದ್ದ.

"ನಿಮ್ಮ ತಾಟಿನಾಗಿಂದು ನನಗ ಬ್ಯಾಡ ತಂಗಿ," ಎಂದ. "ನನ್ನ ಹೆಸರೀಲೆ ಬಂದಿದ್ರ ತಗೋತಿದ್ದೆ. ಯಾರ್ಡಿನಾಗ ಮೆಕ್ಕಿಜ್ವಾಳದ ಗ್ಯಾಂಗಿಗೆ ಕರದಾರ. ಅಮಾಸಿ ಮರುದಿನ ಸೇರ್ಕೋತೀನಿ."

ಹಮಾಲರ ಗ್ಯಾಂಗು ಸೇರಿದರೆ ಮುಗಿಯಿತು. ನಾಟಕಕ್ಕೆಂದು ಎರಡು ದಿನ ತಪ್ಪಿಸಿದವನ ಜಾಗಕ್ಕೆ ಮೂರನೇ ದಿನ ಬೇರೆಯವನು ಬಂದಿರುತ್ತಾನೆ. ನಾಳೆ ನಾಟಕಗಳು ಮತ್ತೆ ಶುರುವಾದರೂ ಹುಲುಗಪ್ಪ ಮಾತ್ರ ಬರಲಾರ. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅಮಾವಾಸ್ಯೆ ಇದ್ದದ್ದು ಗುರುವಾರ. ಹಣ ಬಿಡುವ ಮುಂಚೆ ಒಂದು ದೃಶ್ಯ ನೋಡಿಹೋಗಲು ಟ್ರಸ್ಟಿನ ಪ್ರವೀಣಕುಮಾರ್ ಎಂಬವರು ಮಂಗಳವಾರ ಬರುವುದಾಗಿ ತಿಳಿಸಿದರು. ಶಾಂತಕುಮಾರಿ ಮತ್ತೆ ಹುಲುಗಪ್ಪನಲ್ಲಿಗೆ ಹೋಗಿ, ಬಾ ಎಂದು ಕರೆದಳು. ಹಗ್ಗ ಹಿಡಿಯಲು ಅಲ್ಲ. "ಇಷ್ಟು ವರ್ಷ ಮಗ್ಗಲದಾಗಿಂದ ನೋಡೀದಿ ಯಣ್ಣಾ. ಒಮ್ಮಿ ಮುಂದ ಕುಂತು ನೋಡು." ಮತ್ತೆ ಪರದೆ ಯಾರು ಎಳೆಯುತ್ತಾರೆ ಎಂದು ಅವನು ಕೇಳಿದ. ಅದೆಲ್ಲ ನೋಡಿಕೊಳ್ಳುತ್ತೇನೆ ಎಂದಳು.

ಅವಳು ಹೇಗೆ ನೋಡಿಕೊಳ್ಳುತ್ತಾಳೆಂದು ಮಂಗಳವಾರ ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಅಜ್ಜಯ್ಯ ಮಾಸ್ತರರಿಗೆ ಗೊತ್ತಾಯಿತು. "ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡ್ತೀಯೇನು ಶಾಂತಾ?" ಎಂದರು. ಅವಳು ಕನ್ನಡಿಯಿಂದ ಮುಖ ತಿರುಗಿಸಿದಳು. ಎಡಹುಬ್ಬಿನ ಮೇಲೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಮುದುಕರು ಅದನ್ನೇ ಸ್ವಲ್ಪ ಹೊತ್ತು ನೋಡಿ, ಪೇಟಿ ಎತ್ತಿಕೊಂಡು ಎದ್ದರು. "ಹೋಗ್ಲಿ. ನಾಂದಿಗೆ ಶ್ರುತಿ ಕರಿ ಎರಡಕ್ಕ ಹಿಡೀಲೇನು?"

ಗೋದಾಮಿನಲ್ಲೇ ಹಲಗೆ ಜೋಡಿಸಿದ ರಂಗ. ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಪ್ರವೀಣಕುಮಾರ್, ಇನ್ನೊಂದರ ಅಂಚಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಹುಲುಗಪ್ಪ. ಪರದೆಯ ಹಿಂದೆ ನಾಂದಿ ಮುಗಿಯಿತು, ಗಂಟೆ ಬಾರಿಸಿತು. ಪರದೆ ಏಳಲಿಲ್ಲ. ತಬಲಾ ಒಂದು ಸುತ್ತು ನುಡಿದು ನಿಂತಿತು. ಪರದೆಯ ಹಿಂದಿನಿಂದಲೇ ತಂಗಿಯ ಪಾತ್ರದ ಶಾಂತಕುಮಾರಿ ಅಣ್ಣನ ಬಾಗಿಲಲ್ಲಿ ನಿಂತು ಆಡುವ ಮಾತು ಶುರು ಮಾಡಿದಳು. ಗಟ್ಟಿ ದನಿ, ಒಂದು ಅಕ್ಷರ ತಪ್ಪಿಲ್ಲ. ಹುಲುಗಪ್ಪನ ಎರಡೂ ಕೈ ತೊಡೆಯ ಮೇಲೆ ಮುಷ್ಟಿ ಕಟ್ಟಿ ಬಿಚ್ಚುತ್ತಿದ್ದವು. ರಂಗ ಹೀಗೆ ಮುಚ್ಚಿಕೊಂಡಿದ್ದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ್ದ.

"ಮೇಡಂ, ಪರದೆ?" ಎಂದರು ಪ್ರವೀಣಕುಮಾರ್.

"ಏಳೂದಿಲ್ರಿ ಸರ್," ಎಂದು ಒಳಗಿನಿಂದ ಉತ್ತರ ಬಂತು. "ಎಳಿಯೋರು ನಿಮ್ಮ ಮಗ್ಗಲದಾಗ ಕುಂತಾರ. ಅವರ ಹೆಸರು ನಿಮ್ಮ ಪಟ್ಟ್ಯಾಗಿಲ್ಲ. ಪಟ್ಟ್ಯಾಗ ಇದ್ದ ನಾಕು ಮಂದಿ ಮಾಡೋ ನಾಟಕ ಇಷ್ಟ ನೋಡ್ರಿ."

ಪ್ರವೀಣಕುಮಾರ್ ಕೆಟ್ಟವರೇನಲ್ಲ. ಅವರಿಗೆ ನಗು ಬಂತು. ಒಂದು ಹಗ್ಗ ತಾನೇ, ನಾನೇ ಎಳೆಯುತ್ತೇನೆ ಎಂದು ತೋಳು ಮಡಚಿ ರಂಗದ ಮಗ್ಗುಲಿಗೆ ಹೋದರು. ಅಲ್ಲಿ ಇದ್ದದ್ದು ಎರಡು ಹಗ್ಗ. ಎರಡನ್ನೂ ಸೇರಿಸಿ ಜಗ್ಗಿದರು. ಗಳದ ಒಂದು ತುದಿ ಮಾತ್ರ ಸರ್ರನೆ ಮೇಲೆದ್ದಿತು, ಇನ್ನೊಂದು ಕೆಳಗೇ ಉಳಿಯಿತು. ಇನ್ನಷ್ಟು ಜಗ್ಗಿದರು. ಆಳೆತ್ತರಕ್ಕೆ ಎದ್ದ ಗಳ ವಾಲಾಡುತ್ತ ಅಜ್ಜಯ್ಯ ಮಾಸ್ತರರ ತಲೆಯ ಮೇಲೆ ಬಂದು ನಿಂತಿತು. ಅವರು ಪೇಟಿಯ ಮುಂದಿಂದ ಏಳಲಿಲ್ಲ. ಶಾಂತಕುಮಾರಿಯೂ ಸರಿಯಲಿಲ್ಲ. ಅವಳ ಕೈ ಎಡಹುಬ್ಬಿಗೆ ಹೋಯಿತು.

"ಬಿಡಬ್ಯಾಡ್ರಿ ಸರ್," ಎನ್ನುತ್ತ ಹುಲುಗಪ್ಪ ಓಡಿದ. ಅವರ ಬೆನ್ನ ಹಿಂದೆ ನಿಂತು, ಕೈ ಮೇಲೆ ಕೈಯಿಟ್ಟು, ಹಗ್ಗಗಳನ್ನು ಬಿಡಿಸಿಕೊಂಡ. ಎಡಗೈಯಲ್ಲಿ ಒಂದಿಷ್ಟು ಸಡಿಲ, ಬಲಗೈಯಲ್ಲಿ ಒಂದಿಷ್ಟು ಬಿಗಿ. ಗಳ ಸಮವಾಯಿತು. ಆಮೇಲೆ ಪರದೆ ಸದ್ದಿಲ್ಲದೆ, ಹಿಂದಿನ ಪರದೆಯ ಮೇಲೆ ಬರೆದ ಬಣ್ಣದ ಬೀದಿಯನ್ನು ಬಾಗಿಲಿನಿಂದ ಮಾಳಿಗೆಯವರೆಗೆ ತೋರಿಸುತ್ತ, ಮೇಲಕ್ಕೆ ಹೋಯಿತು.

ಪ್ರವೀಣಕುಮಾರ್ ಕುರ್ಚಿಗೆ ವಾಪಸು ಬರಲಿಲ್ಲ. ಕೆಂಪಗಾದ ಅಂಗೈ ಉಜ್ಜಿಕೊಳ್ಳುತ್ತ ಅಲ್ಲೇ ಹುಲುಗಪ್ಪನ ಮಗ್ಗುಲಲ್ಲಿ ನಿಂತು ನೋಡಿದರು. ಹುಲುಗಪ್ಪನ ತುಟಿಗಳು ರಂಗದ ಮೇಲಿನ ಪ್ರತಿ ಮಾತಿಗೂ ಅಲ್ಲಾಡುತ್ತಿದ್ದವು. ತಂಗಿ ಅಳುತ್ತ ಹೊಸ್ತಿಲು ಇಳಿಯುವಾಗ ಪರದೆಯನ್ನು ಒಮ್ಮೆಲೇ ಬಿಡದೆ, ಅವಳ ಹೆಜ್ಜೆಗೊಂದು ಗೇಣಿನಂತೆ ಇಳಿಸಿದ. ಕೊನೆಯ ಗೇಣು ಮುಗಿದಾಗ ಅವಳ ಬಿಕ್ಕಳಿಕೆಯೂ ಮುಗಿಯಿತು. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಆಧಾರಿನಲ್ಲಿ ನಿಮ್ಮ ಹೆಸರು ಹೇಗಿದೆ ಎಂದು ಕೇಳಿ ಪ್ರವೀಣಕುಮಾರ್ ಬರೆದುಕೊಂಡರು. "ಇವತ್ತೇ ಕಳಿಸ್ತೀನಿ. ಒಪ್ಪೋದು ಬಿಡೋದು ನನ್ನ ಕೈಲಿಲ್ಲ," ಎಂದರು. ಜೊತೆಗೆ ಐವರದೂ ಒಂದು ಫೋಟೋ ಬೇಕು, ಹಿಂದೆ ಆ ಬೀದಿಯ ಪರದೆ ಕಾಣಲಿ ಎಂದರು. ಹುಲುಗಪ್ಪ ಮುಂದಿನ ಪರದೆ ಎತ್ತಿದ, ಎತ್ತಿ ಹಿಡಿದು ಮಗ್ಗುಲಲ್ಲೇ ನಿಂತ. ನೀವೂ ಬನ್ನಿ ಎಂದರೆ, ನಾನು ಬಂದರೆ ಇದು ಬೀಳುತ್ತದೆ ಎಂದ. ಆ ಕಂಬಕ್ಕೆ ಕಟ್ಟಿ ಬನ್ನಿ ಎಂದರು ಪ್ರವೀಣಕುಮಾರ್. ಅವನು ಎರಡೂ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಶಾಂತಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ಕೊಡು ಯಣ್ಣಾ. ನೀ ಹೋಗಿ ನಿಂದ್ರು."

ಗುರುವಾರ ಮಧ್ಯಾಹ್ನ ಹುಲುಗಪ್ಪ ಪರದೆ ಸುತ್ತಿಡಲು ಗೋದಾಮಿಗೆ ಬಂದಿದ್ದ. ನಾಳೆ ಗ್ಯಾಂಗಿಗೆಂದು ಉಜ್ಜಿಟ್ಟ ಕೊಕ್ಕೆ ಸೊಂಟದಲ್ಲಿತ್ತು. ಆಗ ಅಮೃತಾಳ ಮೊಬೈಲಿಗೆ ಉತ್ತರ ಬಂತು. ಐದು ಹೆಸರಿಗೂ ಒಪ್ಪಿಗೆಯಾಗಿದೆ. ಆದರೆ ಫೋಟೋದಲ್ಲಿ ನಾಲ್ವರೇ ಇದ್ದಾರೆ, ತಂಡದ ಯಜಮಾನಿ ಎಲ್ಲಿ ಎಂದು ಕೇಳಿದ್ದರು. ಅಮೃತಾ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ತೋರಿಸಿದಳು. ಬಲದಂಚಿನಲ್ಲಿ ಹಸಿರು ಬಳೆಯ ಎರಡು ಕೈ, ನರ ಉಬ್ಬಿದ್ದವು, ಎರಡು ಹಗ್ಗ. ಅಂಜಿನೇಯಲು ಬಿದ್ದು ಬಿದ್ದು ನಕ್ಕ. ಶಾಂತಕುಮಾರಿ ನಗಲು ಹೋಗಿ ಕಣ್ಣು ಒರೆಸಿಕೊಂಡಳು.

ಹುಲುಗಪ್ಪ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಬಹಳ ಹೊತ್ತು ನೋಡಿದ. ತನ್ನ ಮುಖವನ್ನಲ್ಲ, ನಾಲ್ವರ ತಲೆಯ ಮೇಲಿದ್ದ ಗಳವನ್ನು.

"ಎಡಗೈ ಬಿಗಿ ಮಾಡೀದಿ ತಂಗಿ," ಎಂದ. "ಗಳ ಒಂದು ಕಡಿ ಎದ್ದು ವಾರಿ ಆಗೈತಿ ನೋಡು."

ಕೊಕ್ಕೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಸುತ್ತಿಟ್ಟ ಎರಡೂ ಹಗ್ಗ ಬಿಚ್ಚಿ, ಒಂದನ್ನು ಅವಳ ಎಡಗೈಗೆ ಕೊಟ್ಟ.